ನೀಲಿ ಮುಚ್ಚಳದ ಎಳ್ಳು

"ಇದು ಬಿಳೀ ಎಳ್ಳು ಕಣಪ್ಪಾ! ಇದನ್ನ ಇಟ್ಕೊಂಡು ನಾನೇನು ಸಂಕ್ರಾಂತಿ ಮಾಡ್ಲಾ?" ಎಂದು ಶಾಸ್ತ್ರಿಗಳು ಪೊಟ್ಟಣವನ್ನು ಶ್ರೀಕರನ ಕೈಗೇ ವಾಪಸ್ಸು ತುರುಕಿದರು.

ಶ್ರೀಕರ್ ಪಾಪ ಬೆಳಗಾಗುವ ಮೊದಲೇ ಜೆ.ಪಿ. ನಗರದ ಅಂಗಡಿಗಳ ಷಟರ್ ತಟ್ಟಿ ಮಡಕೆ, ಬೆರಣಿ, ಬಿಳಿ ಬಟ್ಟೆ, ತುಪ್ಪ ಎಲ್ಲವನ್ನೂ ತಂದು ಜೋಡಿಸಿದ್ದ. ಸತ್ತದ್ದು ಅವನ ಚಿಕ್ಕಮ್ಮ. ಸಾವಿನ ಮನೆಗೆ ಕರಿ ಎಳ್ಳು, ಹಬ್ಬದ ಮನೆಗೆ ಬಿಳಿ ಎಳ್ಳು ಅನ್ನುವುದನ್ನು ಆ ಹುಡುಗನಿಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ. ಹೇಳುವ ಸಂದರ್ಭ ಬಂದಿರಲಿಲ್ಲ, ಪುಣ್ಯಾತ್ಮ.

"ಈಗ ಮತ್ತೆ ಹೋಗಿ ತರ್ತೀನಿ, ಹತ್ತು ನಿಮಿಷ."

"ಹತ್ತು ನಿಮಿಷ ಅಂತೀಯ, ರಾಹುಕಾಲ ಕಾಯುತ್ತೇನೋ? ಮನೇಲಿ ಇರಲ್ವಾ ಒಂದು ಹಿಡಿ ಎಳ್ಳು?" ಎಂದು ಅನ್ನಪೂರ್ಣಮ್ಮ ಗಟ್ಟಿಯಾಗಿ ಕೇಳಿದರು. ಅವರು ಸತ್ತವರ ಗಂಡ ವೆಂಕಟಾಚಲ ಅವರ ಅಕ್ಕ. ಸಾವಿನ ಮನೆಯಲ್ಲಿ ಯಜಮಾನಿಕೆ ಸಿಗುವುದು ದೊಡ್ಡ ಗಂಟಲಿದ್ದವರಿಗೆ. ಬೆಳಗಿನಿಂದ ಅವರದ್ದೇ ನಡೆಯುತ್ತಿತ್ತು.

ಸುಧಾಮಣಿ ಆಗಷ್ಟೇ ಬಂದು, ಬಾಗಿಲ ಹತ್ತಿರದ ಚಪ್ಪಲಿ ರಾಶಿಯನ್ನು ದಾಟಿ, ಗೋಡೆಗೆ ಒರಗಿ ನಿಂತಿದ್ದಳು. ಅಳು ಬರುತ್ತಿರಲಿಲ್ಲ. ನಡುಮನೆಯಲ್ಲಿ ಚಾಪೆಯ ಮೇಲೆ ವಾರಿಜಾ ಮೇಡಂ ಮಲಗಿದ್ದರು. ಮೂಗಿಗೆ ಹತ್ತಿ ಇಟ್ಟಿದ್ದರು, ಹಣೆಗೆ ದೊಡ್ಡದಾಗಿ ಕುಂಕುಮ ಹಚ್ಚಿದ್ದರು. ಇಪ್ಪತ್ತೆರಡು ವರ್ಷ ಲ್ಯಾಬಿನಲ್ಲಿ ಅವರ ಮುಖವನ್ನು ಮಾಸ್ಕಿನ ಮೇಲಿನ ಅರ್ಧದಲ್ಲೇ ಹೆಚ್ಚಾಗಿ ನೋಡಿದ್ದ ಸುಧಾಮಣಿಗೆ ಈ ಪೂರ್ತಿ ಮುಖ ಬೇರೆ ಯಾರದ್ದೋ ಅನ್ನಿಸುತ್ತಿತ್ತು. ನಿನ್ನೆ ಸಂಜೆ ಕಾಫಿಗೆ ಹಾಲಿಟ್ಟವರು ಒಲೆಯ ಮುಂದೆಯೇ ಕುಸಿದರಂತೆ. ಹಾಲು ಉಕ್ಕಿ ಒಲೆ ಆರಿದ ವಾಸನೆಗೆ ಗಂಡ ಎದ್ದು ಹೋಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ.

"ಇದೆ, ಇದೆ. ಕರೀ ಎಳ್ಳು ಇದೆ," ಎಂದು ವೆಂಕಟಾಚಲ ಎದ್ದರು. ಒದ್ದೆ ಪಂಚೆ ಉಟ್ಟಿದ್ದ ಮುದುಕ, ನೆಲದ ಮೇಲೆ ನೀರಿನ ಹೆಜ್ಜೆ ಬಿಡುತ್ತಾ ಅಡುಗೆಮನೆಗೆ ಹೋದರು. ಫ್ರಿಜ್ಜಿನ ಬಾಗಿಲು ತೆರೆದ ಸದ್ದು ಕೇಳಿಸಿತು.

ಫ್ರಿಜ್ಜಿನ ಸದ್ದು ಕೇಳಿದ ಕೂಡಲೇ ಸುಧಾಮಣಿ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ಎಳ್ಳನ್ನು ಯಾರಾದರೂ ಫ್ರಿಜ್ಜಿನಲ್ಲಿ ಇಡುತ್ತಾರೆಯೇ? ಒಬ್ಬರು ಇಡುತ್ತಾರೆ, ಬಿತ್ತನೆಗೆ ಇಟ್ಟುಕೊಂಡವರು.

ವೆಂಕಟಾಚಲ ಕೈಯಲ್ಲಿ ಗಾಜಿನ ಬಾಟಲಿ ಹಿಡಿದು ಬಂದರು. ಅಂಗೈಯಲ್ಲಿ ಮುಚ್ಚಿ ಹೋಗುವಷ್ಟು ಸಣ್ಣದು, ನೀಲಿ ಮುಚ್ಚಳದ್ದು.

"ನೋಡಿ ಶಾಸ್ತ್ರಿಗಳೇ," ಅವರ ಧ್ವನಿಯಲ್ಲಿ ಅಳುವಿನ ಜೊತೆ ಏನೋ ಒಂದು ಹೆಮ್ಮೆ ಇತ್ತು. "ಬಾಗಿಲಲ್ಲೇ ಇಟ್ಟಿದಾಳೆ, ಕೈಗೆ ಸಿಗೋ ಹಾಗೆ. ನನಗೆ ಅಡುಗೆಮನೇಲಿ ಏನೂ ಗೊತ್ತಾಗಲ್ಲ ಅಂತ ಅವಳಿಗೆ ಗೊತ್ತಿತ್ತು. ಹೋಗೋವಾಗ್ಲೂ ನನ್ನ ಕೈ ಬಿಡ್ಲಿಲ್ಲ ನೋಡಿ, ಎಲ್ಲಾ ತೆಗೆದಿಟ್ಟೇ ಹೋಗಿದಾಳೆ!" ಎಂದು ಬಾಟಲಿಯನ್ನು ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅಷ್ಟು ಹೊತ್ತು ಕಲ್ಲಿನ ಹಾಗೆ ಕೂತಿದ್ದ ಗಂಡ ಕೊನೆಗೂ ಅತ್ತನಲ್ಲ ಎಂದು ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ತಾವೂ ಅತ್ತರು.

"ಸಾರ್..." ಎಂದಳು ಸುಧಾಮಣಿ.

ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೂ ಏನು ಹೇಳುವುದು? ಅದು ಮೇಡಂ ನಿಮಗೆ ತೆಗೆದಿಟ್ಟದ್ದಲ್ಲ ಅನ್ನುವುದೇ? ಆ ಮನುಷ್ಯನಿಗೆ ಈ ಹೊತ್ತಿನಲ್ಲಿ ಹಿಡಿದುಕೊಳ್ಳಲು ಇದ್ದದ್ದು ಆ ಬಾಟಲಿ ಒಂದೇ. ಅದನ್ನು ಕಿತ್ತುಕೊಳ್ಳುವಷ್ಟು ಗಟ್ಟಿ ಎದೆ ಅವಳಿಗಿರಲಿಲ್ಲ.

ವೆಂಕಟಾಚಲ ಮುಚ್ಚಳ ತಿರುಗಿಸಿ ಅರ್ಧದಷ್ಟು ಎಳ್ಳನ್ನು ಅಕ್ಕಿಯ ತಟ್ಟೆಗೆ ಸುರಿದರು. ಶಾಸ್ತ್ರಿಗಳು ಬೆರಳಾಡಿಸಿ ಕಲೆಸಿದರು.

*

ಬನಶಂಕರಿ ಎರಡನೇ ಸ್ಟೇಜಿನ ಒಂದು ಮಹಡಿಯ ಮೇಲೆ, ಟೈಲರ್ ಅಂಗಡಿಯ ನೆತ್ತಿಗೆ, ಅವರ ಲ್ಯಾಬ್. ಹೆಸರಿಗೆ ಲ್ಯಾಬ್, ಹೊಟ್ಟೆಪಾಡಿಗೆ ಬಾಳೆ. ಅಂಗಾಂಶ ಕೃಷಿ ಎಂದು ಪುಸ್ತಕದಲ್ಲಿ ಹೇಳುತ್ತಾರೆ, ಅಲ್ಲಿ ಎಲ್ಲರೂ ಟಿಶ್ಯೂ ಕಲ್ಚರ್ ಅನ್ನುವವರೇ. ಗಿಡದ ಒಂದು ಚೂರನ್ನು ಸ್ಪಿರಿಟ್ ದೀಪದ ಮುಂದೆ ಕತ್ತರಿಸಿ, ಬಾಟಲಿಯೊಳಗಿನ ಜೆಲ್ಲಿಯ ಮೇಲಿಟ್ಟು, ಟ್ಯೂಬ್‌ಲೈಟಿನ ಕೆಳಗೆ ಸಾಲಾಗಿ ಜೋಡಿಸಿಬಿಟ್ಟರೆ, ಬಾಳೆ ಹೇಳಿದ ಮಾತು ಕೇಳುತ್ತದೆ. ಒಂದು ಚಿಗುರು ಹತ್ತಾಗಿ, ಹತ್ತು ನೂರಾಗಿ, ಲಾರಿ ಹತ್ತಿ ಹೋಗುತ್ತದೆ.

ಎಳ್ಳು ಕೇಳುವುದಿಲ್ಲ. ಅದರ ಮೊಳಕೆಯ ಚೂರು ಜೆಲ್ಲಿಯ ಮೇಲೆ ಬೆಳ್ಳಗೆ ಉಬ್ಬಿ ಮುದ್ದೆಯಾಗುತ್ತದೆ, ಆಸೆ ಹುಟ್ಟಿಸುತ್ತದೆ, ಆಮೇಲೆ ಕಂದುಬಣ್ಣಕ್ಕೆ ತಿರುಗಿ ಸತ್ತುಹೋಗುತ್ತದೆ. ವಾರಿಜಾ ಮೇಡಂಗೆ ಬೇಕಿದ್ದದ್ದು ಅದೇ ಎಳ್ಳು.

"ಯಾಕೆ ಮೇಡಂ ಇದರ ಹಿಂದೆ ಬಿದ್ದಿದೀರಾ? ಸೂರ್ಯಕಾಂತಿ ಮಾಡಿ, ಕಡ್ಲೇಕಾಯಿ ಮಾಡಿ. ಕಂಪನಿಯೋರಾದ್ರೂ ಖುಷಿಯಾಗ್ತಾರೆ," ಎಂದು ಸೇರಿದ ಹೊಸದರಲ್ಲಿ ಸುಧಾಮಣಿ ಕೇಳಿದ್ದಳು. ಹೊಸಕೆರೆಹಳ್ಳಿಯ ಹಳೇ ಊರಿನವಳು, ಬಿ.ಎಸ್ಸಿ. ಮುಗಿಸಿ ಬಂದಿದ್ದಳು. ನಾಲಗೆ ಸ್ವಲ್ಪ ಉದ್ದ.

"ಎಳ್ಳಿನ ಗಿಡ ನೋಡಿದ್ಯಾ ಸುಧಾ? ಕಾಯಿ ಒಣಗ್ತಿದ್ದ ಹಾಗೆ ಬಾಯಿ ಬಿಡುತ್ತೆ. ರೈತ ಕುಡುಗೋಲು ಹಿಡ್ಕೊಂಡು ಬರೋ ಅಷ್ಟ್ರಲ್ಲಿ ಅರ್ಧ ಎಳ್ಳು ಮಣ್ಣಲ್ಲಿ ಇರುತ್ತೆ. ನಮ್ಮಜ್ಜಿ ಹೊಲದಲ್ಲಿ ಕೂತು ಮಣ್ಣಿಂದ ಎಳ್ಳು ಆರಿಸೋದನ್ನ ನೋಡಿದೀನಿ. ಬೆನ್ನು ಹೀಗೆ ಬಗ್ಗಿಹೋಗಿತ್ತು." ಮೇಡಂ ಬೆರಳನ್ನು ಕೊಕ್ಕೆಯ ಹಾಗೆ ಮಡಿಸಿ ತೋರಿಸಿದ್ದರು. "ಬಾಟಲಿಯಿಂದ ಬರೋ ಗಿಡ ಒಮ್ಮೊಮ್ಮೆ ತಾಯಿ ಥರ ಇರಲ್ಲ. ಒಂದು, ಒಂದೇ ಒಂದು, ಬಾಯಿ ಮುಚ್ಕೊಂಡಿರೋ ಕಾಯಿ ಕೊಟ್ರೆ ಸಾಕು ನನಗೆ."

ಬಾಳೆಯ ಬಾಟಲಿಗಳ ಜೊತೆ ಕಲೆತುಹೋಗಬಾರದೆಂದು ಎಳ್ಳಿನ ಬಾಟಲಿಗಳಿಗೆ ಅವರು ನೀಲಿ ಮುಚ್ಚಳ ಹಾಕಿಸಿದ್ದರು. ಮೂಲೆಯ ಒಂದು ರ್‍ಯಾಕು ಪೂರ್ತಿ ನೀಲಿ. ವರ್ಷವರ್ಷ ಅದೇ ಮುಂದುವರಿಯಿತು. ಮಾಲೀಕರು ಬೈದರು, ಆಮೇಲೆ ನಕ್ಕರು, ಆಮೇಲೆ ಮರೆತೇಬಿಟ್ಟರು. ಮೇಡಂ ರಿಟೈರ್ ಆದ ಮೇಲೂ ವಾರಕ್ಕೆ ಎರಡು ಮೂರು ದಿನ ಸಂಬಳವಿಲ್ಲದೆ ಬಂದು ತಮ್ಮ ಮೂಲೆಯಲ್ಲಿ ಕೂರುತ್ತಿದ್ದರು. ಬಾಳೆಯ ಕೆಲಸವನ್ನೆಲ್ಲ ಸುಧಾಮಣಿ ನೋಡಿಕೊಳ್ಳುತ್ತಿದ್ದಳು, ಸಂಜೆ ಒಂದು ಗಂಟೆ ಎಳ್ಳಿನ ಮೂಲೆಗೆ ಬರುತ್ತಿದ್ದಳು. ಅವರಿಬ್ಬರ ಸ್ನೇಹವೆಲ್ಲ ಬೆಳೆದದ್ದು ಆ ಒಂದು ಗಂಟೆಯಲ್ಲಿ.

ಅಂಚು ಒಡೆದ ಬಾಟಲಿಗಳನ್ನು ಎಸೆಯಲು ಮೇಡಂಗೆ ಮನಸ್ಸು ಬರುತ್ತಿರಲಿಲ್ಲ. ಎಲ್ಲ ಮನೆಗೆ ಹೋಗುತ್ತಿದ್ದವು. ಅವರ ಅಡುಗೆಮನೆಯಲ್ಲಿ ಸಾಸಿವೆ, ಮೆಂತ್ಯ, ರವೆ, ಏಲಕ್ಕಿ ಎಲ್ಲವೂ ಲ್ಯಾಬಿನ ಬಾಟಲಿಗಳಲ್ಲೇ. "ನಮ್ಮನೇಲಿ ಒಗ್ಗರಣೆಗೂ ಮಾಸ್ಕ್ ಹಾಕ್ಕೋಬೇಕು," ಎಂದು ವೆಂಕಟಾಚಲ ಬಂದವರ ಮುಂದೆಲ್ಲ ತಮಾಷೆ ಮಾಡುತ್ತಿದ್ದರು. ಅಷ್ಟೊಂದು ಬಾಟಲಿಗಳ ನಡುವೆ ಮುಚ್ಚಳದ ಬಣ್ಣವನ್ನು ಅವರು ಗಮನಿಸುವುದೆಲ್ಲಿಂದ ಬಂತು.

*

"ನೀವೂ ಬನ್ನಿ, ಅವಳ ಜೊತೆ ಇದ್ದೋರು. ಬಾಯಿಗೆ ಅಕ್ಕಿ ಹಾಕಿ," ಎಂದು ಅನ್ನಪೂರ್ಣಮ್ಮ ಸುಧಾಮಣಿಯ ಮೊಣಕೈ ಹಿಡಿದು ಮುಂದೆ ತಂದರು.

ತಟ್ಟೆಯಲ್ಲಿ ಬಿಳಿ ಅಕ್ಕಿಯ ನಡುವೆ ಕಪ್ಪು ಎಳ್ಳು ಎದ್ದು ಕಾಣುತ್ತಿತ್ತು. ಸುಧಾಮಣಿ ಮೊಣಕಾಲೂರಿದಳು. ಬೆರಳಿನ ತುದಿಯಿಂದ ಬರಿಯ ಅಕ್ಕಿಕಾಳುಗಳನ್ನೇ ಹುಡುಕಿ ತೆಗೆದಳು. ಫೋರ್ಸೆಪ್ಸ್ ಹಿಡಿದು ಪಳಗಿದ ಕೈ, ಅವಳಿಗೆ ಅದೇನೂ ಕಷ್ಟವಾಗಲಿಲ್ಲ.

"ಅಯ್ಯೋ, ಎಳ್ಳೂ ಸೇರಿಸ್ಕೊಳ್ಳಿ ತಾಯಿ. ಬರೀ ಅಕ್ಕಿ ಹಾಕ್ತಾರಾ?" ಎಂದರು ಅನ್ನಪೂರ್ಣಮ್ಮ. ಅವರೇ ಅವಳ ಕೈಯನ್ನು ತಟ್ಟೆಗೆ ಒತ್ತಿದರು.

ಆ ಕ್ಷಣ ಅವಳಿಗೆ ಒಂದು ಚಿಟಿಕೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಎದ್ದುಬಿಡೋಣ ಅನ್ನಿಸಿತು. ಹೆಣದ ತಟ್ಟೆಯಿಂದ ಕಾಳು ಕದ್ದವಳು ಎಂದು ಇಡೀ ಮನೆ ಬಾಯಿ ಬಡಿದುಕೊಳ್ಳುತ್ತಿತ್ತು, ಬಡಿದುಕೊಳ್ಳಲಿ. ಆದರೆ ಎದುರಿಗೆ ವೆಂಕಟಾಚಲ ಕೂತಿದ್ದರು. ಕೆಂಪಾದ ಕಣ್ಣಿನಿಂದ ಅವಳ ಬೆರಳುಗಳನ್ನೇ ನೋಡುತ್ತಿದ್ದರು, 'ಹಾಕಮ್ಮಾ, ಅವಳಿಗೆ ನೀನಂದ್ರೆ ಪ್ರಾಣ' ಅನ್ನುವ ಹಾಗೆ. ಸುಧಾಮಣಿ ಹಾಕಿದಳು. ಅಕ್ಕಿ ಒಳಗೆ ಹೋಯಿತು. ಒಂದೆರಡು ಎಳ್ಳು ಮೇಡಂ ಅವರ ಕೆಳತುಟಿಗೆ ಅಂಟಿಕೊಂಡು ಉಳಿದವು.

ಆಗ ಅವಳಿಗೆ ಅಳು ಬಂತು, ಎಂಥಾ ಅಳು! ಗೋಡೆಗೆ ಹಣೆ ಕೊಟ್ಟು ಅತ್ತಳು. "ಪಾಪ, ಸ್ವಂತ ತಂಗೀಗಿಂತ ಹೆಚ್ಚಿದ್ಲು," ಎಂದು ಯಾರೋ ಅಂದರು. ಅವಳು ಅಳುತ್ತಿದ್ದದ್ದು ಮೇಡಂಗಾಗಿಯೋ ಎಳ್ಳಿಗಾಗಿಯೋ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಅವೆರಡೂ ಬೇರೆ ಎಂದು ಯಾವತ್ತೂ ಅನ್ನಿಸಿರಲಿಲ್ಲ ಅವಳಿಗೆ.

ಕಣ್ಣೊರೆಸಿಕೊಂಡು ನೋಡಿದಾಗ ಬಾಟಲಿಯಲ್ಲಿ ಇನ್ನೂ ಅರ್ಧ ಎಳ್ಳಿತ್ತು. ಅನ್ನಪೂರ್ಣಮ್ಮ ಅದಕ್ಕೆ ಮುಚ್ಚಳ ಹಾಕಿ, ಕರ್ಪೂರ, ತುಪ್ಪದ ಜೊತೆ ಒಂದು ಬಟ್ಟೆಯ ಚೀಲಕ್ಕೆ ಹಾಕಿ ಶ್ರೀಕರನ ಹೆಗಲಿಗೆ ತೂಗುಹಾಕಿದರು.

ಸುಧಾಮಣಿ ಅವನನ್ನು ಮೆಟ್ಟಿಲ ಹತ್ತಿರ ಹಿಡಿದಳು.

"ಶ್ರೀಕರ್, ಆ ಎಳ್ಳಿನ ಬಾಟಲಿ ನನಗೆ ಕೊಡಪ್ಪ."

"ಆಂಟಿ, ಅದು ಅಲ್ಲಿ ಬೇಕಂತೆ. ನೀರು ಬಿಡೋಕೆ."

"ಬೇರೆ ಕರೀ ಎಳ್ಳು ತಂದ್ಕೊಡ್ತೀನಿ. ಇದು... ಇದು ಬೀಜ ಕಣೋ. ನಿಮ್ಮ ಚಿಕ್ಕಮ್ಮ ಇಷ್ಟು ವರ್ಷ ಒದ್ದಾಡಿದ್ದು ಇದಕ್ಕೇ. ಬೇರೆಲ್ಲೂ ಇಲ್ಲ."

ಹುಡುಗ ಚೀಲವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಬೆಳಗಿನಿಂದ ಎಳ್ಳಿನ ವಿಷಯಕ್ಕೆ ಒಂದು ಸಲ ಮಂಗಳಾರತಿ ಆಗಿದೆ, ಎರಡನೇ ಸಲಕ್ಕೆ ಅವನು ತಯಾರಿರಲಿಲ್ಲ. "ಈಗ ಕೊಟ್ರೆ ಅತ್ತೆ ನನ್ನನ್ನೂ ಗಾಡಿಗೆ ಹಾಕ್ತಾರೆ ಆಂಟಿ. ನೀವು ಬೇರೆ ಎಳ್ಳು ತಗೊಂಡು ಸೀದಾ ಅಲ್ಲಿಗೇ ಬಂದ್ಬಿಡಿ. ಬದ್ಲಾಯ್ಸೋಣ. ಪ್ರಾಮಿಸ್."

ಹೊರಗೆ ಗಾಡಿಯ ಬಾಗಿಲು ತೆರೆದಿತ್ತು. "ಗೋವಿಂದಾ, ಗೋವಿಂದ" ಎಂದು ಎತ್ತಿದರು. ಸುಧಾಮಣಿ ಹೆಗಲು ಕೊಡುವವರ ಹಿಂದೆ ಹೋಗಲಿಲ್ಲ. ಓಡಿಹೋಗಿ ಮೂಲೆಯಲ್ಲಿ ನಿಂತಿದ್ದ ಆಟೋಕ್ಕೆ ಕೈ ಮಾಡಿದಳು.

*

ಮೊದಲ ಅಂಗಡಿಯಲ್ಲಿ ಇರಲಿಲ್ಲ. ಎರಡನೆಯದು ಬಾಗಿಲು ಹಾಕಿತ್ತು. ಸಾರಕ್ಕಿ ಮಾರ್ಕೆಟ್ಟಿನ ಪಕ್ಕದ, ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿಯವನು ಅವಳ ಕೆದರಿದ ತಲೆ, ಊದಿದ ಕಣ್ಣು ನೋಡಿ ಏನೂ ಕೇಳದೆ ಕರಿ ಎಳ್ಳಿನ ಪೊಟ್ಟಣ ತೆಗೆದ. ಅವಳು ಫೋನಿನಿಂದ ಹಣ ಹಾಕಿದ ಕೂಡಲೇ ಗಲ್ಲಾದ ಮೇಲಿನ ಡಬ್ಬಿ ಗಟ್ಟಿಯಾಗಿ ಅದನ್ನು ಸಾರಿತು.

"ಹತ್ತಿರದೋರಾ ಮೇಡಂ?"

"ಹೂಂ," ಎಂದಳು. ಯಾರು ಎಂದು ಕೇಳಿದ್ದರೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ಪುಣ್ಯಕ್ಕೆ ಕೇಳಲಿಲ್ಲ.

ಆಟೋ ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಿತು. ನಿಂತದ್ದು ನಿಂತೇ ಇತ್ತು. ಮುಂದೆ ಎರಡು ಬಸ್ಸು, ಒಂದು ನೀರಿನ ಟ್ಯಾಂಕರ್, ಲೆಕ್ಕವಿಲ್ಲದಷ್ಟು ಸ್ಕೂಟರು. ಸುಧಾಮಣಿ ಪೊಟ್ಟಣದ ಪ್ಲಾಸ್ಟಿಕ್ಕಿನ ಮೂಲಕ ಎಳ್ಳನ್ನು ನೋಡಿದಳು. ಅದೇ ಕಪ್ಪು, ಅದೇ ಗಾತ್ರ, ಒಂದು ಕಡೆ ಚೂಪು. ಆ ಬಾಟಲಿಯದ್ದನ್ನೂ ಇದನ್ನೂ ಪಕ್ಕಪಕ್ಕದಲ್ಲಿ ಸುರಿದರೆ ಮೇಡಂ ಎದ್ದು ಬಂದರೂ ಗುರುತು ಹಿಡಿಯಲಾರರು. ಮಣ್ಣಿಗೆ ಹಾಕಿದರಷ್ಟೇ ಗೊತ್ತಾಗುವುದು, ಅದೂ ಕಾಯಿ ಒಣಗಿದ ಮೇಲೆ.

"ಅಣ್ಣ, ಒಳಗಡೆ ರೋಡಲ್ಲಿ ಹೋಗೋಕಾಗಲ್ವಾ? ಅರ್ಜೆಂಟು."

"ಎಲ್ಲಾ ಒಳಗಡೆ ರೋಡೂ ಅಗೆದವ್ರೆ ಮೇಡಂ. ನಾನೇನು ಹಾರ್ಕೊಂಡು ಹೋಗ್ಲಾ?" ಎಂದ ಆಟೋದವನು. ಆಮೇಲೆ ಕನ್ನಡಿಯಲ್ಲಿ ಅವಳ ಮುಖ ನೋಡಿ, ಇಂಜಿನ್ ಆಫ್ ಮಾಡಿದ್ದವನು ಮತ್ತೆ ಸ್ಟಾರ್ಟ್ ಮಾಡಿದ.

*

ಕಳೆದ ಮಳೆಗಾಲದಲ್ಲಿ ಒಂದು ಬಾಟಲಿಯಲ್ಲಿ ಚಿಗುರು ಬಂದಿತ್ತು. ಮುದ್ದೆಯ ನೆತ್ತಿಯ ಮೇಲೆ ಹಸಿರು ಚುಕ್ಕೆ. ಇಬ್ಬರೂ ಮಾತಾಡದೆ ನೋಡಿದರು. ಮಾತಾಡಿದರೆ ದೃಷ್ಟಿಯಾಗುತ್ತದೆ ಎಂದು ಓದಿದವರಿಬ್ಬರಿಗೂ ಅನ್ನಿಸಿತ್ತು. ಚಿಗುರಿಗೆ ಬೇರು ಬಂತು. ಅಲ್ಲಿಯವರೆಗೆ ಬಂದು ಸತ್ತವು ಹಿಂದೆಯೂ ಇದ್ದವು. ಬಾಟಲಿಯಲ್ಲಿ ಹುಟ್ಟಿದ ಗಿಡಕ್ಕೆ ಹೊರಗಿನ ಗಾಳಿ ತಡೆಯುವುದಿಲ್ಲ. ಮಣ್ಣಿಗಿಟ್ಟ ಮರುದಿನವೇ ಸೊರಗಿ ಮಲಗುತ್ತದೆ. ಕವರು ಮುಚ್ಚಿ, ದಿನಕ್ಕೊಂದು ತೂತು ಮಾಡುತ್ತಾ, ನಿಧಾನವಾಗಿ ಗಾಳಿಯನ್ನು ಅಭ್ಯಾಸ ಮಾಡಿಸಬೇಕು. ಲ್ಯಾಬಿನಲ್ಲಿ ಯಾರೂ ಇಲ್ಲದ ಭಾನುವಾರಗಳಲ್ಲಿ ಗಿಡಗಳು ಸತ್ತದ್ದು ಸಾಕು ಎಂದು ಮೇಡಂ ಆ ಒಂದನ್ನು ಮನೆಯ ಬಾಲ್ಕನಿಗೆ ಒಯ್ದರು.

ಅದೇ ವಾರ ಅವರಿಗೆ ಮಂಡಿ ಆಪರೇಷನ್. ಆಸ್ಪತ್ರೆಯಲ್ಲಿ ಮಲಗಿಕೊಂಡೇ ಗಂಡನಿಗೆ ಪಾಠ ಹೇಳಿದ್ದರು.

"ರೀ, ಬ್ರೆಡ್ ಕವರು ಮುಚ್ಚಿದೀನಿ. ದಿನಾ ಬೆಳಿಗ್ಗೆ ಗುಂಡುಸೂಜಿಯಿಂದ ಒಂದು ತೂತು. ಒಂದೇ. ಜಾಸ್ತಿ ಮಾಡಿದ್ರೆ ಸಾಯುತ್ತೆ."

"ಎರಡು ಮಾಡಿದ್ರೆ?"

"ನಿಮ್ಮ ತಿಥಿ ಮಾಡ್ತೀನಿ."

ಸುಧಾಮಣಿ ಆಸ್ಪತ್ರೆಗೆ ಹೋದಾಗಲೆಲ್ಲ ವೆಂಕಟಾಚಲ ಅದೇ ವರದಿ ಕೊಡುತ್ತಿದ್ದರು. "ಇವತ್ತೂ ಒಂದು ತೂತು ಆಯ್ತು ಕಣಮ್ಮ. ಗಿಡ ನನ್ನನ್ನ ನೋಡಿ ನಗ್ತಿತ್ತು." ಇನ್ಶೂರೆನ್ಸ್ ಆಫೀಸಿನಲ್ಲಿ ಜೀವನವಿಡೀ ಕಳೆದ, ಹೆಂಡತಿಯ ಲ್ಯಾಬಿನ ಮೆಟ್ಟಿಲು ಎರಡು ಸಲವೂ ಹತ್ತದ ಮನುಷ್ಯ! ಮೇಡಂ ವಾಕರ್ ಹಿಡಿದು ಮನೆಗೆ ಬಂದಾಗ ಬ್ರೆಡ್ ಕವರು ಜರಡಿಯ ಹಾಗಾಗಿತ್ತು. ಗಿಡ ಬದುಕಿತ್ತು.

ಅದು ತಿಳಿ ನೇರಳೆ ಹೂ ಬಿಟ್ಟಿತು. ಕಾಯಿ ಕಟ್ಟಿತು. ಕಾಯಿ ಹಸಿರಿಂದ ಹಳದಿಯಾಗಿ, ಹಳದಿಯಿಂದ ಕಂದಾಗಿ, ಗರಿಗರಿಯಾಗಿ ಒಣಗಿತು. ಮೇಡಂ ಗಿಡದ ಕೆಳಗೆ ಬಿಳಿ ಹಾಳೆ ಹಾಸಿ ದಿನವೂ ನೋಡುತ್ತಿದ್ದರು. ಒಂದು ಬೆಳಿಗ್ಗೆ ಫೋನು ಮಾಡಿದರು.

"ಸುಧಾ, ಹಾಳೆ ಖಾಲಿ ಕಣೇ. ಗಿಡ ಅಲ್ಲಾಡಿಸಿದೆ, ತಲೆಕೆಳಗೆ ಮಾಡ್ದೆ. ಖಾಲಿ. ಒಂದು ಕಾಯೀನೂ ಬಾಯಿ ಬಿಟ್ಟಿಲ್ಲ."

ಆಮೇಲೆ ಆ ಕಡೆ ಮೂಗು ಏರಿಸುವ ಸದ್ದು ಕೇಳಿತ್ತು.

ಒಂದೊಂದು ಕಾಯನ್ನೂ ಉಗುರಿನಿಂದ ಬಿಡಿಸಿ ತೆಗೆದ ಬೀಜ ಆ ಸಣ್ಣ ಬಾಟಲಿಗೆ ಬಂತು. "ಇದು ಒಂದು ಗಿಡದ ಅದೃಷ್ಟವೋ, ಬೀಜಕ್ಕೇ ಬಂದಿದೆಯೋ, ಬಿತ್ತಿ ನೋಡಿದ್ರೆ ಗೊತ್ತಾಗೋದು. ಅಲ್ಲೀವರೆಗೂ ಯಾರಿಗೂ ಹೇಳ್ಬಾರ್ದು," ಎಂದಿದ್ದರು ಮೇಡಂ.

"ಕೊಡಿ ಮೇಡಂ, ಲ್ಯಾಬಲ್ಲಿ ಇಡ್ತೀನಿ."

"ಬೇಡ, ನನ್ನ ಫ್ರಿಜ್ಜಲ್ಲೇ ಇರ್ಲಿ. ಎರಡು ಮಳೆ ಬೀಳ್ಲಿ, ಟೆರೇಸಲ್ಲಿ ಇಬ್ರೂ ಸೇರಿ ಬಿತ್ತೋಣ. ನನ್ನ ಕೈಯ್ಯಾರೆ ಹಾಕ್ಬೇಕು ಕಣೇ ಇದನ್ನ." ಆಮೇಲೆ ಮಕ್ಕಳ ಹಾಗೆ ನಕ್ಕು, "ಇವರಿಗೆ ಸುಧಾ ತಗೊಂಡು ಹೋದ್ಲು ಅಂತ ಹೇಳಿದೀನಿ. ಇಲ್ಲಾಂದ್ರೆ ದಿನಾ ತೆಗೆದು ತೆಗೆದು ಬಂದೋರಿಗೆಲ್ಲ ತೋರಿಸ್ತಾರೆ, ನಾನು ತೂತು ಮಾಡಿ ಬೆಳೆಸಿದ ಗಿಡದ್ದು ಅಂತ."

ಎರಡು ಮಳೆ ಬಿದ್ದಿತ್ತು. ಎರಡನೆಯದು ಮೊನ್ನೆ ರಾತ್ರಿ.

*

ಬನಶಂಕರಿ ಚಿತಾಗಾರದ ಗೇಟಿನಲ್ಲಿ ಇಳಿದು ಸುಧಾಮಣಿ ಓಡಿದಳು. ಯಾವಾಗಲೂ ಸರದಿ ಇರುತ್ತದೆ, ಕಾಯಿಸುತ್ತಾರೆ ಎಂಬ ಧೈರ್ಯದಲ್ಲಿ ಬಂದಿದ್ದಳು. ಇವತ್ತು ಸರದಿ ಇರಲಿಲ್ಲ. ಖಾಲಿ ಗಾಡಿ ಹೊರಡುತ್ತಿತ್ತು. ಒಳಗೆ ಕಬ್ಬಿಣದ ಬಾಗಿಲು ಮುಚ್ಚಿತ್ತು, ಯಂತ್ರ ಗುಂಯ್‌ಗುಡುತ್ತಿತ್ತು. ಮೇಡಂ ಹೋಗಿಬಿಟ್ಟಿದ್ದರು. ಇಪ್ಪತ್ತೆರಡು ವರ್ಷ ಜೊತೆಗಿದ್ದವಳು ಕೊನೆಯ ಹೊತ್ತಿನಲ್ಲಿ ಗ್ರಂಧಿಗೆ ಅಂಗಡಿಯಲ್ಲಿ ಎಳ್ಳು ಕೇಳುತ್ತಾ ನಿಂತಿದ್ದಳು. ಮುಚ್ಚಿದ ಬಾಗಿಲಿಗೆ ಕೈಮುಗಿದಳು, ಅಲ್ಲಿ ನಿಲ್ಲಲೂ ಪುರುಸೊತ್ತಿರಲಿಲ್ಲ.

ಶ್ರೀಕರ್ ಎದುರು ಬಂದ. "ಸಾರಿ ಆಂಟಿ. ಹೇಳ್ದೆ, ನಿಜವಾಗ್ಲೂ ಹೇಳ್ದೆ. ಶಾಸ್ತ್ರಿಗಳು ಕೇಳ್ಲೇ ಇಲ್ಲ. ಹಿಂದೆ ನಲ್ಲಿ ಹತ್ರ ಇದಾರೆ."

ಹಿಂದಿನ ನಲ್ಲಿಯ ಕಟ್ಟೆಯ ಮೇಲೆ ನೀಲಿ ಮುಚ್ಚಳ ಒಂದು ಕಡೆ, ಖಾಲಿ ಬಾಟಲಿ ಒಂದು ಕಡೆ ಬಿದ್ದಿದ್ದವು. ವೆಂಕಟಾಚಲ ದಕ್ಷಿಣಕ್ಕೆ ಮುಖ ಮಾಡಿ ಕೂತಿದ್ದರು. ಅವರ ಮುಂದಿನ ಕಲ್ಲಿನ ಮೇಲಿಂದ ನೀರು ಹರಿದು ಮೋರಿಗೆ ಇಳಿಯುತ್ತಿತ್ತು, ಅದರ ಜೊತೆ ಕಪ್ಪು ಕಾಳುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಶಾಸ್ತ್ರಿಗಳು ಅವರ ಬೊಗಸೆಗೆ ಕೊನೆಯ ಸಲ ಎಳ್ಳು ಸುರಿದು ನೀರು ಹಾಕಿದ್ದರು.

"ಸಾರ್! ಬಿಡ್ಬೇಡಿ ಸಾರ್!"

ವೆಂಕಟಾಚಲ ತಲೆ ಎತ್ತಿದರು. ಸುಧಾಮಣಿ ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಓಡಿ ಬಂದ ಏದುಸಿರಿಗೆ ಮಾತು ತುಂಡುತುಂಡಾಗಿ ಬಂತು.

"ಅದು... ಬಾಲ್ಕನಿ ಗಿಡದ್ದು ಸಾರ್. ನೀವು ತೂತು ಮಾಡಿ ಬೆಳೆಸಿದ್ರಲ್ಲ, ಅದರದ್ದು."

"ಅದನ್ನ ನೀನು ತಗೊಂಡು ಹೋದ್ಯಲ್ಲಮ್ಮ? ವಾರಿ ಹಾಗೇ ಹೇಳಿದ್ಲು."

"ಇಲ್ಲ ಸಾರ್. ಸುಮ್ನೆ ಹೇಳಿದ್ರು. ಫ್ರಿಜ್ಜಲ್ಲಿ ಇಟ್ಟಿದ್ರು. ನಾವಿಬ್ರೂ ಸೇರಿ ಬಿತ್ತೋಣ ಅಂತ."

ವೆಂಕಟಾಚಲ ಬೊಗಸೆಯನ್ನು ನೋಡಿದರು. ಕಲ್ಲನ್ನು ನೋಡಿದರು. ಮೋರಿಯನ್ನು ನೋಡಿದರು. "ಹಾಗಾದ್ರೆ ನನಗೆ ಅಂತ ಇಟ್ಟಿದ್ದಲ್ಲ," ಎಂದರು ಮೆಲ್ಲಗೆ.

 ಬೆಳಗಿನಿಂದ ಸುಧಾಮಣಿ ಹೆದರಿದ್ದು ಇದೊಂದು ಮಾತಿಗೇ.

"ಎಲ್ಲಾನೂ ಇದೇನಾ? ಲ್ಯಾಬಲ್ಲಿ ಒಂದು ಚೂರೂ ಇಲ್ವಾ?"

"ಇಲ್ಲ ಸಾರ್. ಇಷ್ಟೇ."

"ಏನಮ್ಮಾ ಇದು, ಕ್ರಿಯೆ ನಡೀತಿರೋವಾಗ!" ಶಾಸ್ತ್ರಿಗಳಿಗೆ ರೇಗಿತು. "ಬಿಡಿ ವೆಂಕಟಾಚಲ ಅವರೇ, ನೀರು ಬಿಡಿ. ದಾಹದಲ್ಲಿರ್ತಾರೆ ಆಕೆ, ಕಾಯಿಸಬಾರ್ದು."

ವೆಂಕಟಾಚಲ ನೀರು ಬಿಟ್ಟರು. ಬೆರಳುಗಳನ್ನು ಒತ್ತಿ ಹಿಡಿದು, ಸಂದಿಯಿಂದ ತೊಟ್ಟುತೊಟ್ಟಾಗಿ ನೀರನ್ನು ಮಾತ್ರ ಬಿಟ್ಟರು. ಎಲ್ಲ ಇಳಿದ ಮೇಲೆ ಅಂಗೈ ಕಪ್ಪಗೆ ಕಾಳಿನಿಂದ ತುಂಬಿಕೊಂಡಿತ್ತು. ಬಲ ಅಂಗೈಯನ್ನು ಎಡ ಅಂಗೈಗೆ ಒರೆಸಿ, ಅಂಟಿದ ಒಂದೊಂದು ಕಾಳನ್ನೂ ಬೆರಳಿನಿಂದ ಜರುಗಿಸಿ, ಎಡಗೈಯನ್ನು ಮುಷ್ಟಿ ಮಾಡಿದರು.

"ಎಳ್ಳು ಬೀಳ್ಲಿಲ್ಲ. ಎಳ್ಳು ಬೀಳದೆ ಅದು ಸಲ್ಲಲ್ಲ," ಎಂದರು ಶಾಸ್ತ್ರಿಗಳು.

"ಇದು ಅವಳದು ಶಾಸ್ತ್ರಿಗಳೇ. ಅವಳದನ್ನ ಅವಳಿಗೇ ಕೊಟ್ಟು ನಾನು ಯಾವ ಋಣ ತೀರಿಸ್ಲಿ?" ಎಂದು ಬಲಗೈ ಚಾಚಿದರು. "ಸುಧಾ, ನೀನು ತಂದಿರೋದು ಹಾಕು."

ಸುಧಾಮಣಿ ಪೊಟ್ಟಣವನ್ನು ಹಲ್ಲಿನಿಂದ ಹರಿದು ಅಂಗಡಿಯ ಎಳ್ಳನ್ನು ಅವರ ಬಲ ಅಂಗೈಗೆ ಸುರಿದಳು. 'ಯಾರೋ ಪರ ಹೆಂಗಸು' ಎಂದು ಶಾಸ್ತ್ರಿಗಳು ಗೊಣಗಿದರೂ ಮಂತ್ರ ನಿಲ್ಲಿಸಲಿಲ್ಲ. ನೀರು ಬಿತ್ತು, ಎಳ್ಳು ಬಿತ್ತು, ಎರಡೂ ಮೋರಿಗೆ ಹೋದವು.

ಶ್ರೀಕರ್ ಖಾಲಿ ಬಾಟಲಿ ಎತ್ತಿಕೊಳ್ಳಲು ಬಗ್ಗಿದ. "ಇಲ್ಲಿಂದ ಏನನ್ನೂ ಮನೆಗೆ ಒಯ್ಯಬಾರ್ದು, ಅಲ್ಲೇ ಬಿಡು," ಎಂದರು ಶಾಸ್ತ್ರಿಗಳು. ಆಮೇಲೆ ವೆಂಕಟಾಚಲರ ಎಡಗೈಯನ್ನು ನೋಡಿದರು, ನೋಡಿ ಬೇರೆ ಕಡೆ ತಿರುಗಿಕೊಂಡರು. ಅಷ್ಟು ದೊಡ್ಡ ಮನಸ್ಸು ಅವರಿಗೂ ಇತ್ತು.

"ಕರ್ಚೀಫಲ್ಲಿ ಕಟ್ಕೊಳ್ತೀನಿ ಸಾರ್, ಕೊಡಿ," ಎಂದಳು ಸುಧಾಮಣಿ.

"ಬೇಡಮ್ಮ, ಬೀಳುತ್ತೆ."

"ಬೀಳಲ್ಲ ಸಾರ್."

"ಬೀಳುತ್ತೆ," ಎಂದರು ಮತ್ತೆ. ಕಾರಿನಲ್ಲಿ ಉದ್ದಕ್ಕೂ ಆ ಮುಷ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಒಂದು ಸಲ ಮಾತ್ರ, ಸಿಗ್ನಲ್ಲಿನಲ್ಲಿ, "ನೆನೆದಿದೆಯಲ್ಲ ಸುಧಾ, ಕೆಡುತ್ತಾ?" ಎಂದು ಕೇಳಿದರು.

"ಇವತ್ತೇ ಮಣ್ಣಿಗೆ ಹಾಕಿದ್ರೆ ಬರುತ್ತೆ ಸಾರ್. ನೆನೆದ ಬೀಜ ಇಡೋಕಾಗಲ್ಲ."

"ಸೂತಕ," ಎಂದರು. ಆಮೇಲೆ ಮುಷ್ಟಿಯ ಕಡೆ ನೋಡಿ, "ಕುಂಡ ಇದೆ. ಅದೇ ಕುಂಡ," ಎಂದರು.

*

ಗೇಟಿನ ಒಳಗೆ, ಸಂಪಿನ ಪಕ್ಕದಲ್ಲಿ, ಅನ್ನಪೂರ್ಣಮ್ಮ ಬಕೆಟ್ ತುಂಬಿಸಿ ಇಟ್ಟಿದ್ದರು. ಸ್ಮಶಾನದಿಂದ ಬಂದವರು ಅಲ್ಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಹೋಗಬೇಕು. ಸುಧಾಮಣಿ ಗೇಟಿನ ಹೊರಗೆ ನಿಂತಳು. ಮೇಲೆ ಬಾಲ್ಕನಿಯ ಕಂಬಿಯ ಹತ್ತಿರ ಖಾಲಿ ಕುಂಡ ಕಾಣುತ್ತಿತ್ತು. ಅದರ ಅಂಚಿಗೆ ಮಡಿಸಿ ಸಿಕ್ಕಿಸಿದ್ದ ಬ್ರೆಡ್ ಕವರು ಗಾಳಿಗೆ ಪಟಪಟ ಅನ್ನುತ್ತಿತ್ತು.

ಶ್ರೀಕರ್ ಚಿಕ್ಕಪ್ಪನ ತಲೆಯ ಮೇಲೆ ಚೊಂಬಿನಿಂದ ನೀರು ಹೊಯ್ದ. ನೀರು ಅವರ ಬೆಳ್ಳಗಿನ ಕೂದಲನ್ನು ಹಣೆಗೆ ಅಂಟಿಸಿ, ಮುಖದ ಮೇಲೆ, ಎದೆಯ ಮೇಲೆ ಇಳಿಯಿತು. ವೆಂಕಟಾಚಲ ಕಣ್ಣು ಮುಚ್ಚಿ ನಡುಗುತ್ತಿದ್ದರು. ಎಡಗೈ ಮಾತ್ರ ನೀರಿಗೆ ಸಿಗದಂತೆ ಮೇಲಕ್ಕೆತ್ತಿ ಹಿಡಿದಿದ್ದರು.

"ಇದೇನೋ ಇದು? ಕೈ ಇಳಿಸೋ ವೆಂಕಟು," ಅನ್ನಪೂರ್ಣಮ್ಮ ಬಾಗಿಲಿನಿಂದ ಕೂಗಿದರು. "ಮೈಯೆಲ್ಲ ನೆನೀಬೇಕು. ಕೈ ತೊಳ್ಕೊಳ್ದೆ ಒಳಗೆ ಬರೋ ಹಾಗಿಲ್ಲ."

ಶ್ರೀಕರ್ ಇನ್ನೊಂದು ಚೊಂಬು ಎತ್ತಿದ. ವೆಂಕಟಾಚಲ ಕಣ್ಣು ತೆರೆಯದೆ, ಕೈಯನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿದರು.